ಕೈಫೋನಿನ ಛಾಯಾಚಿತ್ರಣ ಮತ್ತು ಚಿತ್ರಪರಿಷ್ಕಾರ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ

ಕೈಫೋನಿನಿಂದ ತೆಗೆದ ಛಾಯಾಚಿತ್ರವನ್ನು ಅದೇ ಉಪಕರಣದೊಳಗಿನ ಆ್ಯಪ್‌ಗಳಿಂದ ತಿದ್ದಿ, ವರ್ಣವನ್ನು ಏರಿಸಿ ಇಳಿಸಿ, ಹಿನ್ನೆಲೆಯನ್ನು ಬದಲಿಸಿ, ಬೇಕಾದ ಭಾವವನ್ನು ತುಂಬಿಕೊಳ್ಳುವ ರೂಢಿಯು ವಿಜಯಪುರ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಕಳೆದ ಹತ್ತು ಹದಿನೈದು ವರ್ಷಗಳೊಳಗೆ ಹಬ್ಬಿದುದೆಂಬುದು ನಿಜವಾದರೂ, ಅದರ ಬೇರುಗಳು ಈ ಸೀಮೆಗೆ ಮೊದಲ ಕ್ಯಾಮೆರಾ ಬಂದ ಕಾಲಕ್ಕೇ ಮುಟ್ಟುತ್ತವೆ. ನೆರಳಿಲ್ಲದ ಎರೆಹೊಲ, ಬೇಸಗೆಯ ಉರಿಬಿಸಿಲು, ಬಿಳಿಯ ರುಮಾಲು, ಅದರ ಕೆಳಗೆ ಬಿಸಿಲುಂಡು ಕಪ್ಪಾದ ಮುಖ: ಇವೆಲ್ಲವನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯುವುದು ಯಾವ ಕ್ಯಾಮೆರಾಕ್ಕೂ ಸುಲಭವಾದ ಕಾರ್ಯವಾಗಿರಲಿಲ್ಲ. ರುಮಾಲಿಗೆ ಬೆಳಕನ್ನು ಅಳೆದರೆ ಮುಖ ಕತ್ತಲಾಗುವುದು. ಮುಖಕ್ಕೆ ಅಳೆದರೆ ರುಮಾಲೂ ಆಕಾಶವೂ ಬೆಳ್ಳಗೆ ಕರಗಿಹೋಗುವುವು. ಈ ಪ್ರಾಂತದ ಚಿತ್ರಪರಿಷ್ಕಾರದ ಇತಿಹಾಸವು ಬಹುಮಟ್ಟಿಗೆ ಈ ತೊಡಕನ್ನು ಬಿಡಿಸಿದ ಕೈಗಳ ಇತಿಹಾಸವಾಗಿದೆ.

ದಾಗೇರನೆಂಬವನ ಛಾಯಾಚಿತ್ರಣ ವಿಧಾನವು ಪ್ಯಾರಿಸಿನಲ್ಲಿ 1839ರಲ್ಲಿ ಪ್ರಕಟವಾದ ಹದಿನಾರು ವರ್ಷಗಳ ತರುವಾಯ, ಮುಂಬಯಿ ಸರ್ಕಾರದ ಛಾಯಾಗ್ರಾಹಕನಾಗಿ ನಿಯುಕ್ತನಾದ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯು 1855ರಲ್ಲಿ ವಿಜಯಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳನ್ನು ಕಾಗದದ ನೆಗೆಟಿವ್‌ಗಳ ಮೇಲೆ ಸೆರೆಹಿಡಿದನು. ವಿಜಯಪುರದ ವಾಸ್ತುವನ್ನು ಕುರಿತು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ನರ ಬರಹದೊಡನೆ ಲಂಡನ್ನಿನಲ್ಲಿ 1866ರಲ್ಲಿ ಹೊರಬಂದ ಬೃಹದ್ಗ್ರಂಥದಲ್ಲಿ ಅವನ ಚಿತ್ರಗಳೂ ಸೇರಿದುವು. ಆ ಕಾಲದ ಬೆಳ್ಳಿಯ ಲವಣಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸಿ, ಕೆಂಪು ಕಂದುಗಳನ್ನು ಗ್ರಹಿಸಲಾರದೆ ಇದ್ದುದರಿಂದ, ಗುಮ್ಮಟಗಳ ಮೇಲಿನ ಆಕಾಶವು ಕಲೆಗಳಿಂದ ಕೂಡಿದ ಬರಿಯ ಬಿಳುಪಾಗಿ ಮೂಡುತ್ತಿದ್ದಿತು; ಅದನ್ನು ಮರೆಸಲು ನೆಗೆಟಿವ್‌ನ ಆಕಾಶಭಾಗಕ್ಕೆ ಮಸಿ ಬಳಿಯುವುದು ಅಂದಿನ ಛಾಯಾಗ್ರಾಹಕರಲ್ಲಿ ಸಾಮಾನ್ಯವಾದ ಪದ್ಧತಿಯಾಗಿದ್ದಿತು. ಅದೇ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು ಆಕಾಶಕ್ಕೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಚಿತ್ರವಾಗಿ ಬೆಸೆದನು. ಇಂದು ಬೆರಳ ತುದಿಯಲ್ಲಿ ಆಕಾಶವನ್ನು ಬದಲಿಸುವ ಆ್ಯಪ್‌ಗಳು ಈ ಎರಡು ಉಪಾಯಗಳ ಸಂತತಿಯೇ ಆಗಿವೆ.

ಇಪ್ಪತ್ತನೆಯ ಶತಮಾನದಲ್ಲಿ ತಾಲ್ಲೂಕು ಕೇಂದ್ರಗಳಿಗೆ ಸ್ಟುಡಿಯೊಗಳು ಬಂದುವು. ಫೋಟೋ ತೆಗೆಸುವುದೆಂದರೆ ಹೊಸ ಅಂಗಿ ತೊಟ್ಟು, ಕಾರಂಜಿಯನ್ನೋ ಮೆಟ್ಟಿಲುಗಳನ್ನೋ ಬರೆದ ಪಡದೆಯ ಮುಂದೆ, ಪಕ್ಕದಲ್ಲೊಂದು ಹೂದಾನಿಯನ್ನಿರಿಸಿಕೊಂಡು, ಉಸಿರು ಬಿಗಿಹಿಡಿದು ಕುಳಿತುಕೊಳ್ಳುವುದಾಗಿದ್ದಿತು. ನಿಜವಾದ ಕುಶಲತೆಯು ಆಮೇಲೆ, ಒಳಗಿನ ಕೋಣೆಯಲ್ಲಿ, ‘ಟಚಿಂಗ್’ ಮಾಡುವವನ ಮೇಜಿನ ಮೇಲೆ ಪ್ರಕಟವಾಗುತ್ತಿದ್ದಿತು. ಓರೆಯಾದ ಹಲಗೆಯ ನಡುವೆ ಕೊರೆದ ಕಿಂಡಿಯಲ್ಲಿ ನೆಗೆಟಿವ್ ಇಟ್ಟು, ಕೆಳಗಿನ ಕನ್ನಡಿಯಿಂದ ಕಿಟಕಿಯ ಬೆಳಕನ್ನು ಅದರೊಳಗಿಂದ ಹಾಯಿಸಿ, ಪೆನ್ಸಿಲಿನ ಮೊನೆ ನಿಲ್ಲುವಂತೆ ತೆಳ್ಳನೆಯ ಅಂಟುದ್ರವವನ್ನು ಸವರಿ, ಉಪ್ಪುಕಾಗದದ ಮೇಲೆ ಸೂಜಿಯಂತೆ ಮಸೆದ ಸೀಸದ ಕಡ್ಡಿಯಿಂದ ಅವನು ಚುಕ್ಕೆ ಚುಕ್ಕೆಯಾಗಿ ಕೆಲಸ ಮಾಡುತ್ತಿದ್ದನು. ಮುಖದ ಸುಕ್ಕು, ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು ಇವು ನೆಗೆಟಿವ್‌ನಲ್ಲಿ ತೆಳುವಾಗಿ ಪಾರದರ್ಶಕವಾಗಿರುತ್ತವೆಯಾಗಿ, ಅಲ್ಲಿ ಸೀಸವನ್ನು ತುಂಬಿದರೆ ಬೆಳಕು ಹಾಯದೆ ಮುದ್ರಣದಲ್ಲಿ ಆ ಭಾಗ ತಿಳಿಯಾಗುವುದು. ಕೈ ಮಿತಿ ಮೀರಿದರೆ ಮುಖವು ಮೇಣದ ಗೊಂಬೆಯಾಗುವುದು. ಮಿತಿಯಲ್ಲಿದ್ದರೆ ವಯಸ್ಸು ಉಳಿದು ದಣಿವು ಮಾತ್ರ ಅಳಿಯುವುದು. ಈ ವಿವೇಕವುಳ್ಳ ಕುಶಲಿಗಳ ಹೆಸರುಗಳು ಯಾವ ಗ್ರಂಥದಲ್ಲಿಯೂ ದಾಖಲಾಗದೆ ಹೋದುದು ನಮ್ಮ ಕಲೆಯ ಚರಿತ್ರೆಗೆ ಆದ ದೊಡ್ಡ ನಷ್ಟವೆಂದೇ ಹೇಳಬೇಕು.

ಡಾರ್ಕ್ ರೂಮಿನ ದೀಪದ ಕೆಳಗೆ ಬೆಳಕಿಗೆ ಅಂಗೈ ಅಡ್ಡ ಹಿಡಿದು ಮುಖವನ್ನು ತಿಳಿಯಾಗಿಸುವುದು, ರುಮಾಲಿನ ಮೇಲೆ ಇನ್ನೂ ಕೆಲವು ಕ್ಷಣ ಬೆಳಕು ಬೀಳಗೊಟ್ಟು ಅದರ ಮಡಿಕೆಗಳನ್ನು ಎತ್ತಿ ತೋರುವುದು ಮುದ್ರಣ ಮಾಡುವವನ ವಿದ್ಯೆಯಾಗಿದ್ದಿತು. ಕಪ್ಪುಬಿಳುಪಿನ ಚಿತ್ರಕ್ಕೆ ನೀರುಬಣ್ಣದಿಂದ ತುಟಿ, ಸೀರೆಯಂಚು, ಕುಂಕುಮಗಳನ್ನು ತುಂಬುವವರಿದ್ದರು. ಗುಂಪುಚಿತ್ರದೊಳಗಿಂದ ತೀರಿಹೋದ ಹಿರಿಯರ ಮುಖವೊಂದನ್ನೇ ತೆಗೆದು ದೊಡ್ಡದು ಮಾಡಿ, ಗೋಡೆಗೆ ತೂಗುಹಾಕಲು ತಕ್ಕ ಭಾವಚಿತ್ರವಾಗಿಸುವವರಿದ್ದರು. ಮಧ್ಯಪ್ರದೇಶದ ನಾಗದಾ ಪಟ್ಟಣದ ಸ್ಟುಡಿಯೊಗಳಲ್ಲಿ ಇಂಥದೇ ರೂಢಿಗಳನ್ನು ಕಂಡ ಮಾನವಶಾಸ್ತ್ರಜ್ಞ ಕ್ರಿಸ್ಟೊಫರ್ ಪಿನ್ನಿ 1997ರ ತನ್ನ ಗ್ರಂಥದಲ್ಲಿ ಅವುಗಳನ್ನು ವಿಸ್ತಾರವಾಗಿ ವಿವೇಚಿಸಿದ್ದಾನೆ. ವರ್ಣಚಿತ್ರದ ಲ್ಯಾಬುಗಳು ಬಂದ ಮೇಲೆ ಸೀಸದ ಕಡ್ಡಿ ಮೂಲೆಗುಂಪಾಯಿತು. 1990ರಲ್ಲಿ ಪ್ರಕಟವಾದ ಫೋಟೋಶಾಪ್ ಕೆಲವು ವರ್ಷಗಳಲ್ಲಿ ಸ್ಟುಡಿಯೊಗಳ ಕಂಪ್ಯೂಟರಿಗೂ ಮದುವೆಯ ಕರಿಷ್ಮಾ ಆಲ್ಬಮ್ಮಿಗೂ ಇಳಿದುಬಂದಿತು. ಅಲ್ಲಿಯವರೆಗೂ ತಿದ್ದುವವನು ಒಬ್ಬ, ತಿದ್ದಿಸಿಕೊಳ್ಳುವವನು ಇನ್ನೊಬ್ಬನಾಗಿದ್ದನು.

ಈ ಭೇದವನ್ನು ಅಳಿಸಿದುದು ಕೈಫೋನು. 2000ದ ನವೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಶಾರ್ಪ್ ಕಂಪನಿಯ ಫೋನು ಚಿತ್ರ ತೆಗೆದು ಕಳುಹಿಸುವ ಸೌಕರ್ಯವನ್ನು ಜನಸಾಮಾನ್ಯರಿಗೆ ಒದಗಿಸಿದ ಮೊದಲ ಫೋನುಗಳಲ್ಲಿ ಒಂದು. 2009ರ ಕೊನೆಗೆ ಹಿಪ್‌ಸ್ಟಮ್ಯಾಟಿಕ್, 2010ರ ಅಕ್ಟೋಬರಿನಲ್ಲಿ ಇನ್‌ಸ್ಟಾಗ್ರಾಮ್ ಎಂಬ ಆ್ಯಪ್‌ಗಳು ಬಂದು, ಹಳೆಯ ಫಿಲ್ಮಿನ ದೋಷಗಳನ್ನೇ, ಎಂದರೆ ಅಂಚಿನ ಕತ್ತಲು, ಸೋರಿದ ಬೆಳಕು, ತಪ್ಪು ರಾಸಾಯನಿಕದಲ್ಲಿ ತೊಳೆದಾಗ ತಿರುಗುವ ಬಣ್ಣ ಇವನ್ನೇ, ಅಲಂಕಾರಗಳಾಗಿ ನೀಡಿದುವು. 2011ರಲ್ಲಿ ಸ್ನ್ಯಾಪ್‌ಸೀಡ್ ಮತ್ತು ಪಿಕ್ಸ್‌ಆರ್ಟ್ ಹೊರಬಂದುವು. ಗೂಗಲ್ ಕೈಗೆ ಸೇರಿದ ಸ್ನ್ಯಾಪ್‌ಸೀಡ್ 2012ರ ಡಿಸೆಂಬರಿನಿಂದ ಆಂಡ್ರಾಯ್ಡ್ ಫೋನುಗಳಿಗೂ ಉಚಿತವಾಗಿ ದೊರೆಯಿತು. 2016ರಲ್ಲಿ ಪ್ರಿಸ್ಮಾ, ನರಜಾಲಗಳೆಂಬ ಗಣಿತವಿಧಾನದಿಂದ ಛಾಯಾಚಿತ್ರವನ್ನು ವರ್ಣಚಿತ್ರಕಾರನ ಶೈಲಿಗೆ ಮಾರ್ಪಡಿಸಿ ತೋರಿತು. ಅದೇ ವರ್ಷದ ಸೆಪ್ಟೆಂಬರ್ 5ರಂದು ಜಿಯೊ ಸೇವೆ ಆರಂಭವಾಗಿ ಡೇಟಾದ ಬೆಲೆ ಕುಸಿಯಲು, ಈ ಆ್ಯಪ್‌ಗಳು ಹಳ್ಳಿಯ ಕಟ್ಟೆಯವರೆಗೂ ಬಂದುವು. 2020ರ ಜೂನ್ 29ರಂದು ಕೇಂದ್ರ ಸರ್ಕಾರವು ನಿಷೇಧಿಸಿದ 59 ಚೀನೀ ಆ್ಯಪ್‌ಗಳಲ್ಲಿ ಬ್ಯೂಟಿಪ್ಲಸ್, ಮೇಟು ಮೊದಲಾದ ಮುಖಾಲಂಕಾರದ ಆ್ಯಪ್‌ಗಳೂ ಇದ್ದುವು.

ಉಪಯೋಗದ ಕ್ಷೇತ್ರ ವಿಶಾಲವಾದುದು. ಹುಟ್ಟುಹಬ್ಬದ ಶುಭಾಶಯ, ಜಾತ್ರೆಯ ಬ್ಯಾನರ್, ಶ್ರದ್ಧಾಂಜಲಿಯ ಚಿತ್ರ ಇವೆಲ್ಲ ಫ್ಲೆಕ್ಸ್ ಅಂಗಡಿಗೆ ಹೋಗುವ ಮುನ್ನವೇ ಪಿಕ್ಸ್‌ಆರ್ಟ್‌ನಲ್ಲಿ ಕತ್ತರಿಸಿ, ಪಿಕ್ಸೆಲ್‌ಲ್ಯಾಬ್‌ನಲ್ಲಿ ಕನ್ನಡ ಅಕ್ಷರ ಕೂಡಿಸಿ ಸಿದ್ಧವಾಗುತ್ತವೆ. ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯಲ್ಲಿ ಬಸವ ಜಯಂತಿಯೆಂದರೆ ಫೋನುಗಳ ಸ್ಟೇಟಸ್ಸಿಗೂ ಹಬ್ಬವೇ. ಸಮಕಾಲೀನ ಭಾವಚಿತ್ರವಿಲ್ಲದ ಆ ಮಹಾಪುರುಷರ ರೂಪವನ್ನು ಪ್ರತಿ ಪೀಳಿಗೆಯೂ ತನ್ನ ಸಾಧನದಿಂದ ಕಲ್ಪಿಸಿಕೊಂಡಿದೆ. ಆಲಮಟ್ಟಿಯ ಉದ್ಯಾನದಲ್ಲಿ ನಿಂತು ತೆಗೆದುಕೊಂಡ ಚಿತ್ರಗಳಾದರೋ ಸ್ಟುಡಿಯೊದ ಕಾರಂಜಿಯ ಪಡದೆಗೆ ಬದಲಾಗಿ ನಿಜವಾದ ಕಾರಂಜಿಯನ್ನೇ ಹಿನ್ನೆಲೆಯಾಗಿ ಪಡೆದಿವೆ.

ಸ್ನ್ಯಾಪ್‌ಸೀಡ್‌ನ ‘ಸೆಲೆಕ್ಟಿವ್’ ಎಂಬ ಸಾಧನದ ಕ್ರಮವನ್ನು ಇಲ್ಲಿ ವಿವರಿಸುವುದು ಯುಕ್ತ. ಹೊಲದ ಬದುವಿನ ಮೇಲೆ ನಿಂತ ರೈತನ ಚಿತ್ರದಲ್ಲಿ ಮುಖದ ಮೇಲೆ ಬೆರಳಿಟ್ಟರೆ ಅಲ್ಲಿ ಒಂದು ಬಿಂದು ನಿಲ್ಲುವುದು. ಎರಡು ಬೆರಳುಗಳನ್ನು ಅಗಲಿಸಿ ಕೂಡಿಸಿದಂತೆ ಅದರ ವ್ಯಾಪ್ತಿ ಹಿಗ್ಗಿ ಕುಗ್ಗುವುದು. ಬೆರಳನ್ನು ಮೇಲೆ ಕೆಳಗೆ ಸರಿಸಿದರೆ ಬೆಳಕು, ವ್ಯತ್ಯಾಸ, ವರ್ಣ ಮೊದಲಾದ ಗುಣಗಳಲ್ಲೊಂದನ್ನು ಆರಿಸಬಹುದು. ಎಡಕ್ಕೆ ಬಲಕ್ಕೆ ಸರಿಸಿದರೆ ಅದು ಕುಂದುವುದು ಅಥವಾ ಏರುವುದು. ಬಿಂದುವಿನ ವರ್ಣವನ್ನು ಹೋಲುವ ಭಾಗಕ್ಕೆ ಮಾತ್ರ ಬದಲಾವಣೆ ತಾಗುವುದಾದ್ದರಿಂದ ಮುಖ ತಿಳಿಯಾದರೂ ರುಮಾಲು ಕೆಡದು. ಡಾರ್ಕ್ ರೂಮಿನಲ್ಲಿ ಅಂಗೈ ಮಾಡುತ್ತಿದ್ದ ಕಾರ್ಯವನ್ನು ಇಲ್ಲಿ ಬೆರಳು ಮಾಡುತ್ತದೆ, ಮತ್ತು ಆ ಬೆರಳು ಚಿತ್ರದಲ್ಲಿರುವವನದೇ ಆಗಿರಬಹುದು.

ಈಚಿನ ಫೋನುಗಳಲ್ಲಿ ಇಷ್ಟು ಶ್ರಮವೂ ಬೇಕಿಲ್ಲ. ಎಚ್‌ಡಿಆರ್ ವಿಧಾನದಲ್ಲಿ ಉಪಕರಣವು ಕ್ಷಣಾರ್ಧದಲ್ಲಿ ಅನೇಕ ಚಿತ್ರಗಳನ್ನು ತೆಗೆದು, ಆಕಾಶದ ವಿವರವನ್ನೂ ನೆರಳಿನ ವಿವರವನ್ನೂ ಒಂದುಗೂಡಿಸುತ್ತದೆ. ಆದರೆ ಜೊತೆಯಲ್ಲಿ, ಯಾರೂ ಕೇಳದಿದ್ದರೂ, ಬಣ್ಣಗಳನ್ನು ಗಾಢಗೊಳಿಸುವ ಚಪಲವೂ ಎಷ್ಟೋ ಫೋನುಗಳಿಗೆ ಉಂಟು. ಇಂಡಿಯ ನಿಂಬೆ ಭೌಗೋಳಿಕ ಸೂಚಕ ಪಡೆದ ಹಣ್ಣು. ಅದರ ಚಿತ್ರವನ್ನು ನೋಡಿಯೇ ದೂರದ ವ್ಯಾಪಾರಿ ಮಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸಬೇಕಾದಾಗ, ಹಸಿರನ್ನು ಹಳದಿಯತ್ತ ತಳ್ಳುವ ಪರಿಷ್ಕಾರ ಅಲಂಕಾರವಾಗದೆ ಅಪಾಯವಾಗುವುದು.

ಇದಕ್ಕಿಂತ ಗಂಭೀರವಾದ ಆಕ್ಷೇಪವು ‘ಬ್ಯೂಟಿ’ ಎಂಬ ಗುಣವನ್ನು ಕುರಿತದ್ದು. ಅದು ಚರ್ಮದ ರಂಧ್ರಗಳನ್ನು ಸವರಿ, ಗಲ್ಲವನ್ನು ಕಿರಿದುಗೊಳಿಸಿ, ಎಲ್ಲಕ್ಕೂ ಮಿಗಿಲಾಗಿ ಬಣ್ಣವನ್ನು ಬಿಳುಪಾಗಿಸುತ್ತದೆ. ಕೆಲವು ಫೋನುಗಳಲ್ಲಿ ಇದು ಕೊಳ್ಳುವಾಗಲೇ ಚಾಲನೆಯಲ್ಲಿರುತ್ತದೆಯಾಗಿ, ಬೇಡವೆನ್ನುವವನು ಹುಡುಕಿ ನಿಲ್ಲಿಸಬೇಕಾಗುತ್ತದೆ. ಸ್ಟುಡಿಯೊದ ಟಚಿಂಗ್‌ನವನೂ ಮುಖವನ್ನು ತಿಳಿಗೊಳಿಸಿದ್ದನೆಂಬುದು ಸತ್ಯ. ಆದರೆ ನೀಲಿಗೆ ಮಾತ್ರ ಒಲಿದ ಪ್ಲೇಟು ಕಂದು ಮುಖವನ್ನು ಇದ್ದುದಕ್ಕಿಂತ ಕಪ್ಪಾಗಿಸುತ್ತಿದ್ದಿತು. ಅವನು ಪ್ಲೇಟು ಮಾಡಿದ ಅನ್ಯಾಯವನ್ನು ಅಳಿಸುತ್ತಿದ್ದನು. ಇಂದಿನ ಸಂವೇದಕವು ಎಲ್ಲ ವರ್ಣಗಳನ್ನೂ ಕಾಣಬಲ್ಲುದು. ಹೀಗಿರುವಾಗ ಜೋಳದ ರಾಶಿಯ ಮೇಲೆ ದುಡಿದ ಹೆಣ್ಣುಮಗಳ ಮುಖವನ್ನು ಆಕೆಯೇ ಗುರುತಿಸಲಾರದಷ್ಟು ಬೆಳ್ಳಗಾಗಿಸುವುದು ಹೊಸ ಅನ್ಯಾಯವೆಂಬುದರಲ್ಲಿ ಸಂದೇಹವಿಲ್ಲ.

2025ರ ಆಗಸ್ಟಿನಲ್ಲಿ ಗೂಗಲ್ ಬಿಡುಗಡೆ ಮಾಡಿದ, ‘ನ್ಯಾನೊ ಬನಾನಾ’ ಎಂಬ ಅಡ್ಡಹೆಸರಿನ ಕೃತಕ ಬುದ್ಧಿಮತ್ತೆಯ ಚಿತ್ರಸಾಧನವು ಮರುತಿಂಗಳೇ ಭಾರತದಲ್ಲೆಲ್ಲ ಹಳೆಯ ಸಿನಿಮಾ ಶೈಲಿಯ ಸೀರೆಯ ಚಿತ್ರಗಳ ಹುಚ್ಚೆಬ್ಬಿಸಿತು. ಇಲ್ಲಿ ತಿದ್ದುವ ಮಾತೇ ಇಲ್ಲ. ಮುಖವೊಂದನ್ನು ಕೊಟ್ಟರೆ ಉಟ್ಟಿಲ್ಲದ ಸೀರೆ, ನಿಂತಿಲ್ಲದ ಜಾಗ, ಬಿದ್ದಿಲ್ಲದ ಬೆಳಕು ಸೃಷ್ಟಿಯಾಗುತ್ತವೆ. ಇಂಥ ಚಿತ್ರಗಳಲ್ಲಿ ಕಣ್ಣಿಗೆ ಕಾಣದ ಗುರುತನ್ನು ತಯಾರಕರು ಅಡಗಿಸಿರುತ್ತಾರೆ. ಹಳೆಯ ಸ್ಟುಡಿಯೊ ಭಾವಚಿತ್ರಗಳ ಹರಕು ಮುಚ್ಚಿ ಬಣ್ಣ ತುಂಬಲೂ ಇಂಥ ಸಾಧನಗಳನ್ನು ಬಳಸಲಾಗುತ್ತಿದೆ. ಆದರೆ ಅಜ್ಜನ ಮುಖದಲ್ಲಿ ಹುಳು ತಿಂದ ಭಾಗಕ್ಕೆ ಅವು ತುಂಬುವುದು ಬೇರೆ ಅಸಂಖ್ಯ ಮುಖಗಳಿಂದ ಊಹಿಸಿದ ಚರ್ಮವನ್ನು. ಆದುದರಿಂದ ಅಂಥ ಪ್ರತಿಯ ಜೊತೆಗೆ ಹರಕು ಮೂಲವನ್ನೂ ಹಾಗೆಯೇ ಸ್ಕ್ಯಾನ್ ಮಾಡಿಸಿ, ಹಿಂಬದಿಯ ಸ್ಟುಡಿಯೊ ಮುದ್ರೆ, ಊರು, ಇಸವಿಗಳೊಡನೆ ಇಟ್ಟುಕೊಳ್ಳುವುದು ಅವಶ್ಯವಾಗಿದೆ.