ಕಂಪ್ಯೂಟರ್ ಕಳವು ತಡೆ: ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನ ಹಿನ್ನೆಲೆಯಲ್ಲಿ

ಕಂಪ್ಯೂಟರ್ ಕಳವು ತಡೆ ಎಂಬುದು ಮೂರು ಬಗೆಯ ಕ್ರಮಗಳ ಒಟ್ಟು ಹೆಸರು: ಮನೆ, ಶಾಲೆ, ಕಚೇರಿ, ಪ್ರಯಾಣಗಳಲ್ಲಿ ವೈಯಕ್ತಿಕ ಕಂಪ್ಯೂಟರ್ ಕಳ್ಳರ ಕೈಸೇರದಂತೆ ನೋಡಿಕೊಳ್ಳುವುದು, ಸೇರಿದರೂ ಒಳಗಿನ ಮಾಹಿತಿ ಅವರಿಗೆ ದಕ್ಕದಂತೆ ಮಾಡುವುದು, ಕಳೆದ ಯಂತ್ರವನ್ನು ಮರಳಿ ಪಡೆಯುವುದು. ನಾಲ್ಕು ದಶಕಗಳಲ್ಲಿ ಕಾವಲಿನ ಜಾಗ ಕೋಣೆಯ ಬಾಗಿಲಿನಿಂದ ಯಂತ್ರದ ಮೈಗೆ, ಮೈಯಿಂದ ಒಳಗಿನ ಚಿಪ್‌ಗೆ ಸರಿದಿದೆ. ಇಂಜಿನಿಯರಿಂಗ್ ಕಾಲೇಜುಗಳ ಊರಾದ ಬೆಳಗಾವಿಯಲ್ಲೂ ಅದರ ದಕ್ಷಿಣಕ್ಕಿರುವ ಮಲೆನಾಡಿನ ಸೆರಗಿನ ಖಾನಾಪುರದಲ್ಲೂ ಈ ಮೂರು ಕಾವಲುಗಳು ಒಂದರ ಹಿಂದೆ ಒಂದು ಬಂದವು. ಹೊಸದು ಬಂದಾಗ ಹಳೆಯದು ಮಾತ್ರ ಹೋಗಲಿಲ್ಲ.

ಪದಬಳಕೆ

ಹಳೆ ಮೈಸೂರು ಕಡೆ ಬೀಗ ಎನ್ನುವುದನ್ನು ಬೆಳಗಾವಿ ಭಾಗದಲ್ಲಿ ಕೀಲಿ ಎನ್ನುತ್ತಾರೆ. ಅದನ್ನು ತೆರೆಯುವುದು ಕೀಲಿಕೈ. ಮರಾಠಿ ಮನೆಮಾತಿನವರ ಬಾಯಲ್ಲಿ ಕೀಲಿಯೇ ಕುಲೂಪ. ಕೀಬೋರ್ಡಿಗೆ ಕನ್ನಡದಲ್ಲಿ ನಿಂತ ಹೆಸರು ಕೀಲಿಮಣೆ. ಮೇಜಿನ ಕಂಪ್ಯೂಟರಿನ ಲೋಹದ ಪೆಟ್ಟಿಗೆಗೆ ಜನ ‘ಸಿಪಿಯು’ ಎನ್ನುವುದರಿಂದ ಕಳವಿನ ಫಿರ್ಯಾದಿಗಳಲ್ಲೂ ‘ಮಾನಿಟರ್, ಸಿಪಿಯು, ಯುಪಿಎಸ್’ ಎಂದೇ ಸೊತ್ತಿನ ಪಟ್ಟಿ ಇರುತ್ತದೆ.

ತೂಕವೇ ಕಾವಲಾಗಿದ್ದ ಕಾಲ

ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದದ್ದು 1981ರ ಆಗಸ್ಟ್ 12ರಂದು. ಅದಕ್ಕೂ ಮೊದಲು ಕಚೇರಿಗಳಲ್ಲಿ ಕಂಪ್ಯೂಟರ್ ಎಂದರೆ ಬಹುಮಟ್ಟಿಗೆ ಒಂದು ಕೋಣೆ. ಕೋಣೆಗೆ ಕೀಲಿ ಹಾಕಿದರೆ ಕೆಲಸ ಮುಗಿಯುತ್ತಿತ್ತು. ಒಯ್ಯಬಹುದಾದದ್ದು ಎಂದು ಮಾರಾಟವಾದ ಮೊದಲ ಯಂತ್ರಗಳೂ ಹಗುರವಾಗಿರಲಿಲ್ಲ. 1981ರ ಆಸ್‌ಬೋರ್ನ್ 1 ಸುಮಾರು 11 ಕಿಲೋ, 1983ರ ಕಾಂಪ್ಯಾಕ್ ಪೋರ್ಟಬಲ್ ಸುಮಾರು 13 ಕಿಲೋ ತೂಗುತ್ತಿದ್ದವು. ಇವನ್ನು ಹೊತ್ತು ಓಡುವುದು ಸುಲಭವಿರಲಿಲ್ಲ. 1984ರ ಪಿಸಿ/ಎಟಿ ಮಾದರಿಗೆ ಐಬಿಎಂ ಮುಂಬದಿಯಲ್ಲಿ ನಿಜವಾದ ಕೀಲಿಯನ್ನೇ ಕೂರಿಸಿತು. ಅದನ್ನು ತಿರುಗಿಸಿದರೆ ಪೆಟ್ಟಿಗೆಯ ಮುಚ್ಚಳ ತೆರೆಯುತ್ತಿರಲಿಲ್ಲ, ಕೀಲಿಮಣೆಯೂ ಕೆಲಸ ಮಾಡುತ್ತಿರಲಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಭಾರತ ಸರ್ಕಾರದ ಹೊಸ ಕಂಪ್ಯೂಟರ್ ನೀತಿ ಆಮದನ್ನು ಸಡಿಲಿಸಿತು. ಬೆಳಗಾವಿಯ ಉದ್ಯಮಬಾಗದಲ್ಲಿ 1979ರಲ್ಲೇ ಎರಡು ಇಂಜಿನಿಯರಿಂಗ್ ಕಾಲೇಜುಗಳು ಆರಂಭವಾಗಿದ್ದವು: ಕರ್ನಾಟಕ ಲಾ ಸೊಸೈಟಿಯ ಗೋಗಟೆ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಮತ್ತು ಈಗ ಡಾ. ಎಂ.ಎಸ್. ಶೇಷಗಿರಿ ಅವರ ಹೆಸರಿರುವ ಕೆಎಲ್‌ಇ ಸಂಸ್ಥೆಯ ಕಾಲೇಜು. ಆಗಿನ ಕಾಲೇಜು ಕಂಪ್ಯೂಟರ್ ಲ್ಯಾಬ್‌ಗಳ ಕಟ್ಟುಪಾಡು ಬಹುತೇಕ ಕಡೆ ಒಂದೇ ತೆರನಾಗಿತ್ತು. ಚಪ್ಪಲಿ ಹೊರಗೆ, ಹೆಸರು ವಹಿಯಲ್ಲಿ, ಕೀಲಿಕೈ ಲ್ಯಾಬ್ ಸಹಾಯಕರ ಬಳಿ. ಧೂಳಿನ ಭಯದಿಂದ ಹುಟ್ಟಿದ ಶಿಸ್ತೇ ಕಳವಿಗೂ ಅಡ್ಡಗಾಲಾಯಿತು.

ಬಿಡಿಭಾಗಗಳ ಕಳವು

ಪೆಟ್ಟಿಗೆಯನ್ನು ಬಿಟ್ಟು ಒಳಗಿನದನ್ನಷ್ಟೇ ಕದಿಯುವ ಕಾಲ 1990ರ ದಶಕದಲ್ಲಿ ಬಂತು. 1993ರ ಜುಲೈನಲ್ಲಿ ಜಪಾನಿನ ನೀಹಾಮಾದಲ್ಲಿದ್ದ ಸುಮಿಟೊಮೊ ಕೆಮಿಕಲ್ ಕಾರ್ಖಾನೆ ಸ್ಫೋಟಗೊಂಡಿತು. ಚಿಪ್‌ಗಳ ಹೊದಿಕೆಗೆ ಬೇಕಾದ ರಾಳದ ಬಹುಪಾಲು ಅಲ್ಲಿಂದಲೇ ಬರುತ್ತಿದ್ದುದರಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಏರಿತು. ಅಂಗೈಯಲ್ಲಿ ಅಡಗುವ, ಗುರುತು ಹಿಡಿಯಲಾಗದ ರ‍್ಯಾಮ್ ಪಟ್ಟಿಗಳು ಅಮೆರಿಕ, ಬ್ರಿಟನ್‌ಗಳ ಕಚೇರಿಗಳಿಂದ ಮಾಯವಾಗತೊಡಗಿದವು. ಸಿಪಿಯು ಪೆಟ್ಟಿಗೆಯ ಹಿಂಬದಿಯಲ್ಲಿ ಸಣ್ಣ ಕೀಲಿ ಹಾಕಲು ಇರುವ ಲೋಹದ ಬಳೆ ಇಂಥ ಕಳವಿಗೆ ಸರಳ ಮದ್ದು.

ಉಕ್ಕಿನ ಹಗ್ಗ

ಲ್ಯಾಪ್‌ಟಾಪ್ ಬಂದ ಮೇಲೆ ತೂಕದ ಕಾವಲು ಕಳಚಿಬಿತ್ತು. ಅದರ ಜಾಗ ಹಿಡಿದದ್ದು 1990ರ ದಶಕದ ಮೊದಲ ವರ್ಷಗಳಲ್ಲಿ ಕೆನ್ಸಿಂಗ್‌ಟನ್ ಕಂಪನಿ ಬಳಕೆಗೆ ತಂದ ಭದ್ರತಾ ಸೀಳು. ಯಂತ್ರದ ಅಂಚಿನಲ್ಲಿ ಸುಮಾರು 7 ಮಿ.ಮೀ. ಅಗಲ, 3 ಮಿ.ಮೀ. ಎತ್ತರದ ಒಂದು ತೂತು. ಅದರೊಳಗೆ ತಿರುಗಿ ಕೂರುವ ಕೊಕ್ಕೆ. ಕೊಕ್ಕೆಯಿಂದ ಮೇಜಿನ ಕಾಲಿಗೆ ಉಕ್ಕಿನ ಹಗ್ಗ. ಇದು ತೋಟದ ಬೇಲಿಯಂಥ ಕಾವಲು. ಹಟ ಹಿಡಿದವನು ಯಂತ್ರದ ಮೈ ಮುರಿದಾದರೂ ಕಿತ್ತೊಯ್ಯಬಲ್ಲ, ಆದರೆ ಕ್ಷಣದಲ್ಲಿ ಎತ್ತಿಕೊಂಡು ನಡೆಯಲಾರ. 2004ರಲ್ಲಿ ಕೊಳವೆಯಾಕಾರದ ಬೈಸಿಕಲ್ ಬೀಗಗಳನ್ನು ಬಾಲ್‌ಪೆನ್ನಿನ ಪ್ಲಾಸ್ಟಿಕ್ ನಳಿಕೆಯಿಂದ ತೆರೆಯಬಹುದೆಂದು ಬಯಲಾದಾಗ ಅದೇ ಬಗೆಯ ಲ್ಯಾಪ್‌ಟಾಪ್ ಬೀಗಗಳ ಮೇಲಿನ ನಂಬಿಕೆಯೂ ಕುಗ್ಗಿತು. ಯಂತ್ರಗಳು ತೆಳುವಾಗುತ್ತ ಬಂದಂತೆ ಸೀಳಿಗೇ ಜಾಗವಿಲ್ಲವಾಯಿತು. ಆಪಲ್ ಕಂಪನಿ 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊದಿಂದ ಅದನ್ನು ಕೈಬಿಟ್ಟಿತು.

ಖಾನಾಪುರ ರಸ್ತೆ: ಕಾಲೇಜು ಮತ್ತು ಬಾಡಿಗೆ ಕೋಣೆ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಟ್ಟುಕೊಂಡು ಸ್ಥಾಪನೆಯಾಯಿತು. ಅದರ ‘ಜ್ಞಾನಸಂಗಮ’ ಆವರಣ ಇರುವುದು ಮಚ್ಛೆಯಲ್ಲಿ. ಟಿಳಕವಾಡಿ, ಉದ್ಯಮಬಾಗ, ಮಚ್ಛೆಗಳನ್ನು ಒಂದೇ ದಾರದಲ್ಲಿ ಪೋಣಿಸುವುದು ಖಾನಾಪುರ ರಸ್ತೆ. ಹೀಗಾಗಿ ಲ್ಯಾಪ್‌ಟಾಪ್ ವಿದ್ಯಾರ್ಥಿಯ ಚೀಲ ಸೇರಿದ ಮೇಲೆ ಈ ರಸ್ತೆಯ ಎರಡೂ ಬದಿಯ ಹಾಸ್ಟೆಲ್, ಪಿಜಿ, ಬಾಡಿಗೆ ಕೋಣೆಗಳು ಕಾಯಬೇಕಾದ ಜಾಗಗಳಾದವು.

ಇಲ್ಲಿನ ಅಪಾಯ ಕರ್ನಾಟಕದ ಬೇರೆ ಕಾಲೇಜು ಊರುಗಳದ್ದೇ. ಮೂರು ನಾಲ್ಕು ಜನಕ್ಕೆ ಒಂದೇ ಕೀಲಿಕೈ; ಅದು ಚಪ್ಪಲಿ ಸ್ಟ್ಯಾಂಡಿನಲ್ಲೋ ಬಾಗಿಲ ಚೌಕಟ್ಟಿನ ಮೇಲೋ ಇರುತ್ತದೆ. ನಸುಕಿನಲ್ಲಿ ಒಬ್ಬ ನೀರಿಗೋ ಚಹಾಕ್ಕೋ ಹೊರಗೆ ಹೋದಾಗ ಬಾಗಿಲು ಓರೆಯಾಗಿರುತ್ತದೆ, ಉಳಿದವರು ಮಲಗಿರುತ್ತಾರೆ. ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪ್, ಮೊಬೈಲುಗಳು ಆಗ ಹೋಗುತ್ತವೆ. ಇದಕ್ಕೆ ಮದ್ದು ಚಿಪ್‌ನಲ್ಲಿಲ್ಲ. ಒಳಚಿಲಕ, ಪ್ರತಿಯೊಬ್ಬರಿಗೂ ಒಂದು ಕೀಲಿಕೈ, ಗೋಡೆಗೆ ಬಿಗಿದ ಕಪಾಟು ಇವೇ ಇಂದಿಗೂ ಹೆಚ್ಚು ಕೆಲಸಕ್ಕೆ ಬರುವಂಥವು.

ಖಾನಾಪುರ: ಹಂಚಿನ ಮಾಡು ಮತ್ತು ಉತಾರ

ಮಲಪ್ರಭಾ ದಂಡೆಯ ಖಾನಾಪುರ ಕೆಂಪು ಮಣ್ಣಿನ ಹಂಚು, ಮಡಕೆಗಳಿಗೆ ಹೆಸರಾದ ಊರು. ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇಲ್ಲಿದೆ. ಜೋರು ಮಳೆಯ ಈ ತಾಲ್ಲೂಕಿನಲ್ಲಿ ಮನೆ, ಶಾಲೆಗಳಿಗೆ ಹಂಚಿನ ಮಾಡು ಸಹಜ. ಹಂಚು ಸರಿಸಿ ಒಳಗಿಳಿಯುವುದು ಕಂಪ್ಯೂಟರಿಗಿಂತ ಬಹಳ ಹಳೆಯ ಕಳ್ಳವಿದ್ಯೆ. ಬಾಗಿಲಿಗೆ ಎಷ್ಟು ದಪ್ಪದ ಕೀಲಿ ಹಾಕಿದರೂ ಮಾಡು ತೆರೆದಿದ್ದರೆ ಕೋಣೆ ತೆರೆದಂತೆಯೇ.

ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತಂದ ‘ಮಾಹಿತಿ ಸಿಂಧು’ ಯೋಜನೆ 2001ರ ಸುಮಾರಿಗೆ ರಾಜ್ಯದ 1,000 ಶಾಲೆಗಳಲ್ಲಿ ಆರಂಭವಾಯಿತು. ಮುಂದೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ (ಐಸಿಟಿ) ಯೋಜನೆಗಳು ಅದನ್ನು ವಿಸ್ತರಿಸಿದವು. ಅಲ್ಲಿಯವರೆಗೆ ಹಳ್ಳಿಶಾಲೆಯಲ್ಲಿ ಕದಿಯಲು ಬೆಲೆಬಾಳುವಂಥದ್ದು ಹೆಚ್ಚೇನೂ ಇರಲಿಲ್ಲ. ಈಗ ಒಂದೇ ಕೋಣೆಯಲ್ಲಿ ಹಲವು ಕಂಪ್ಯೂಟರುಗಳು ಸೇರಿದವು, ಜೊತೆಗೆ ಯುಪಿಎಸ್ ಬ್ಯಾಟರಿಗಳು. ಬ್ಯಾಟರಿಯೊಳಗಿನ ಸೀಸಕ್ಕೆ ಗುಜರಿಯಲ್ಲಿ ಯಾವಾಗಲೂ ಬೆಲೆ ಇರುವುದರಿಂದ ಕಂಪ್ಯೂಟರ್ ಹಳತಾದರೂ ಕೋಣೆಯ ಆಕರ್ಷಣೆ ಕಡಿಮೆಯಾಗುವುದಿಲ್ಲ. ಇದಕ್ಕೆ ಸಿಕ್ಕ ಉತ್ತರಗಳು ಊರಿನವೇ: ಕಿಟಕಿಗೆ ಕಬ್ಬಿಣದ ಸರಳು, ಬಾಗಿಲಿಗೆ ಗ್ರಿಲ್, ಆರ್‌ಸಿಸಿ ಮಾಡಿನ ಕೋಣೆಯನ್ನೇ ಲ್ಯಾಬಿಗೆ ಆರಿಸುವುದು, ಬೇಸಿಗೆ ರಜೆಯಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರ ಅಥವಾ ಶಾಲೆಯ ಪಕ್ಕದ ಮನೆಯವರ ಕಣ್ಣು. ಪ್ರತಿ ಯಂತ್ರದ ಕ್ರಮಸಂಖ್ಯೆಯನ್ನು ದಾಸ್ತಾನು ವಹಿಯಲ್ಲಿ ಬರೆದಿಡುವುದು ಮುಖ್ಯೋಪಾಧ್ಯಾಯರ ಹೊಣೆ.

ಯಂತ್ರಕ್ಕಿಂತ ಮಾಹಿತಿ ದೊಡ್ಡದು ಎಂಬುದನ್ನು ತಾಲ್ಲೂಕು ಕೇಂದ್ರಗಳಿಗೆ ತೋರಿಸಿಕೊಟ್ಟದ್ದು ಭೂದಾಖಲೆಗಳ ‘ಭೂಮಿ’ ಯೋಜನೆ. 2002ರ ಹೊತ್ತಿಗೆ ರಾಜ್ಯದ ಆಗಿನ 177 ತಾಲ್ಲೂಕುಗಳಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಈ ಭಾಗದ ರೈತರು ಪಹಣಿಗೆ ಉತಾರ ಎನ್ನುತ್ತಾರೆ. ಕೈಬರಹದ ಉತಾರಕ್ಕೆ ಬೆಲೆ ಇಲ್ಲವಾದ ಮೇಲೆ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲಿದ್ದದ್ದು ಇಡೀ ತಾಲ್ಲೂಕಿನ ಹೊಲಗದ್ದೆಗಳ ಲೆಕ್ಕ. ತಿದ್ದುವ ಸಿಬ್ಬಂದಿಯ ಬೆರಳಚ್ಚು ಹೊಂದಿದರಷ್ಟೇ ದಾಖಲೆ ತೆರೆಯುವ ವ್ಯವಸ್ಥೆ ಅಲ್ಲಿತ್ತು. ಜನಸಾಮಾನ್ಯರು ಪಾಸ್‌ವರ್ಡ್ ಎಂಬ ಪದವನ್ನೂ ಅಷ್ಟಾಗಿ ಕೇಳದಿದ್ದ ಕಾಲವದು.

ಮಾಹಿತಿಗೆ ಕೀಲಿ

ಮೇಜಿನ ಕಂಪ್ಯೂಟರುಗಳು ಶುರುವಾಗುವಾಗಲೇ ಕೇಳುವ ಬಯಾಸ್ ಪಾಸ್‌ವರ್ಡನ್ನು ಒಳಗಿನ ನಾಣ್ಯದಾಕಾರದ ಬ್ಯಾಟರಿ ತೆಗೆದು ಅಳಿಸಬಹುದಿತ್ತು. ವಿಂಡೋಸ್ ಪಾಸ್‌ವರ್ಡ್ ಇದ್ದರೂ ಹಾರ್ಡ್ ಡಿಸ್ಕ್ ಕಳಚಿ ಬೇರೆ ಯಂತ್ರಕ್ಕೆ ಜೋಡಿಸಿದರೆ ಕಡತಗಳು ಸಿಗುತ್ತಿದ್ದವು. ಇದಕ್ಕೆ ಉತ್ತರವಾಗಿ ಬಂದದ್ದು ಡಿಸ್ಕಿನ ಮಾಹಿತಿಯನ್ನೇ ಗೂಢಲಿಪಿಗೆ ತಿರುಗಿಸುವ ತಂತ್ರ: 2003ರಲ್ಲಿ ಆಪಲ್‌ನ ಫೈಲ್‌ವಾಲ್ಟ್, 2004ರಲ್ಲಿ ಲಿನಕ್ಸ್‌ನ ಲಕ್ಸ್, 2007ರಲ್ಲಿ ವಿಂಡೋಸ್ ವಿಸ್ತಾದ ಬಿಟ್‌ಲಾಕರ್.

ಇದರ ಅಗತ್ಯವನ್ನು ಜಗತ್ತಿಗೆ ಮನಗಾಣಿಸಿದ್ದು 2006ರ ಮೇ ತಿಂಗಳ ಒಂದು ಮನೆಗಳವು. ಅಮೆರಿಕದ ನಿವೃತ್ತ ಸೈನಿಕರ ಇಲಾಖೆಯ ನೌಕರನೊಬ್ಬನ ಮನೆಯಿಂದ ಕಳವಾದ ಲ್ಯಾಪ್‌ಟಾಪ್ ಮತ್ತು ಡಿಸ್ಕಿನಲ್ಲಿ ಸುಮಾರು 2.65 ಕೋಟಿ ಜನರ ವಿವರಗಳಿದ್ದವು. ಜೂನ್ ಕೊನೆಗೆ ಯಂತ್ರ ಸಿಕ್ಕಿತಾದರೂ ನೋಟೀಸು, ತನಿಖೆ, ಮೊಕದ್ದಮೆಗಳ ಖರ್ಚಿನ ಮುಂದೆ ಲ್ಯಾಪ್‌ಟಾಪಿನ ಬೆಲೆ ಲೆಕ್ಕಕ್ಕೇ ಬರಲಿಲ್ಲ. ಗೂಢಲಿಪಿಗೂ ಮಿತಿಯಿದೆ. ಆರಿಸದೆ ಹಾಗೇ ಬಿಟ್ಟ ಯಂತ್ರದ ರ‍್ಯಾಮ್ ತಣಿಸಿ ಅದರಿಂದ ಗೂಢಲಿಪಿ ಬಿಡಿಸುವ ಕೀಲಿಕೈಯನ್ನು ಹೆಕ್ಕಬಹುದೆಂದು 2008ರಲ್ಲಿ ಪ್ರಿನ್ಸ್‌ಟನ್ ಸಂಶೋಧಕರು ತೋರಿಸಿದರು. ಆದ್ದರಿಂದ ಪ್ರಯಾಣಕ್ಕೆ ಮುನ್ನ ಯಂತ್ರವನ್ನು ಪೂರ್ತಿ ಆರಿಸುವುದು ಲೇಸು. ಈ ಕೀಲಿಕೈಯನ್ನು ಕಾಯುವ ಟಿಪಿಎಂ ಚಿಪ್ 2021ರ ವಿಂಡೋಸ್ 11ಕ್ಕೆ ಕಡ್ಡಾಯವಾಯಿತು.

ಜಾಡು ಹಿಡಿಯುವ ತಂತ್ರಗಳು

ಕೆನಡಾದ ಅಬ್ಸಲ್ಯೂಟ್ ಸಾಫ್ಟ್‌ವೇರ್ 1990ರ ದಶಕದಲ್ಲೇ ಕಂಪ್ಯೂಟ್ರೇಸ್ ಎಂಬ ಪತ್ತೆ ತಂತ್ರಾಂಶವನ್ನು ರೂಪಿಸಿತು. ಆಪಲ್ 2011ರಲ್ಲಿ, ವಿಂಡೋಸ್ 2015ರಲ್ಲಿ ಕಳೆದ ಯಂತ್ರ ಹುಡುಕುವ ಸೌಲಭ್ಯ ನೀಡಿದವು. ಇವೆಲ್ಲ ಆರಂಭದಲ್ಲಿ ಯಂತ್ರ ಇಂಟರ್‌ನೆಟ್‌ಗೆ ಸೇರಿದಾಗ ಕೆಲಸ ಮಾಡುತ್ತಿದ್ದವು. ಜಾಡು ಹಿಡಿಯುವ ಕಣ್ಣು ಬಳಸುವವರ ಕಡೆಗೇ ತಿರುಗಿದ ಪ್ರಸಂಗವೂ ಉಂಟು. ಅಮೆರಿಕದ ಲೋವರ್ ಮೆರಿಯನ್ ಶಾಲಾಡಳಿತ ವಿದ್ಯಾರ್ಥಿಗಳಿಗೆ ಕೊಟ್ಟ ಲ್ಯಾಪ್‌ಟಾಪ್‌ಗಳ ಕಳವು ಪತ್ತೆ ತಂತ್ರಾಂಶ ಮನೆಯೊಳಗಿನ ಚಿತ್ರಗಳನ್ನು ತೆಗೆದಿತ್ತು. 2010ರಲ್ಲಿ ಆ ಆಡಳಿತ 6,10,000 ಡಾಲರಿಗೆ ರಾಜಿ ಮಾಡಿಕೊಂಡಿತು.

ಭಾರತದಲ್ಲಿ ಕಳೆದ ಮೊಬೈಲನ್ನು ಐಎಂಇಐ ಸಂಖ್ಯೆಯ ಮೂಲಕ ತಡೆಹಿಡಿಯುವ ಸಿಇಐಆರ್ ವ್ಯವಸ್ಥೆ 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಜಾಲತಾಣದ ಮೂಲಕ ದೇಶದಾದ್ಯಂತ ಲಭ್ಯವಾಯಿತು. ಸಿಮ್ ಇಲ್ಲದ ಲ್ಯಾಪ್‌ಟಾಪ್‌ಗೆ ಐಎಂಇಐ ಇಲ್ಲ. ಹಾಗಾಗಿ ಅದಕ್ಕೆ ಇಂಥ ರಾಷ್ಟ್ರವ್ಯಾಪಿ ಕೊಕ್ಕೆ ಇಲ್ಲ.

ಪ್ರಯಾಣ, ಕಾನೂನು, ಮರಳಿಕೆ

ಉದ್ಯಮಬಾಗದ ಕಳವಿಗೆ ನಗರ ಪೊಲೀಸ್ ಕಮಿಷನರೇಟಿನ ಠಾಣೆ, ಖಾನಾಪುರ ಮತ್ತು ಅದೇ ತಾಲ್ಲೂಕಿನ ನಂದಗಡದ ಕಳವಿಗೆ ಜಿಲ್ಲಾ ಪೊಲೀಸರ ಠಾಣೆ, ಲೋಂಡಾ ಮಾರ್ಗದ ರೈಲಿನಲ್ಲಿ ನಡೆದದ್ದಕ್ಕೆ ರೈಲ್ವೆ ಪೊಲೀಸರು. ಆದರೆ ಸರಹದ್ದಿನ ನೆಪ ಹೇಳಿ ದೂರು ನಿರಾಕರಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಕೃತ್ಯ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ವಿದ್ಯುನ್ಮಾನ ರೂಪದಲ್ಲಿ ಕಳಿಸಿದರೆ 3 ದಿನಗಳೊಳಗೆ ಸಹಿ ಹಾಕಬೇಕು. ವಾಸದ ಮನೆಯಿಂದ ಅಥವಾ ಬಸ್ಸು, ರೈಲಿನಂಥ ವಾಹನದಿಂದ ಕದ್ದರೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನಡಿ 7 ವರ್ಷಗಳವರೆಗೆ ಸೆರೆ ಇದೆ. ಕದ್ದ ಕಂಪ್ಯೂಟರೆಂದು ತಿಳಿದೂ ಕೊಂಡವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಬಿ ಕಲಮಿನಡಿ 3 ವರ್ಷಗಳವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಬೀಳಬಹುದು. ಬಿಲ್ಲಿಲ್ಲದ ಅಗ್ಗದ ಲ್ಯಾಪ್‌ಟಾಪ್ ಕೊಳ್ಳುವವರು ನೆನಪಿಡಬೇಕಾದ ಕಲಮಿದು. ಪ್ರಯಾಣಿಕ ತನ್ನ ಬಳಿಯೇ ಇಟ್ಟುಕೊಂಡ ಸಾಮಾನಿಗೆ, ರೈಲ್ವೆಯ ಕಡೆಯ ನಿರ್ಲಕ್ಷ್ಯ ಸಾಬೀತಾಗದ ಹೊರತು, ರೈಲ್ವೆ ಹೊಣೆಯಲ್ಲ ಎನ್ನುತ್ತದೆ 1989ರ ರೈಲ್ವೆ ಕಾಯ್ದೆಯ 100ನೇ ಕಲಮು.

ಸಿಕ್ಕ ಯಂತ್ರ ಮೊದಲು ಮುದ್ದೇಮಾಲು, ಅಂದರೆ ಪ್ರಕರಣದ ಸಾಕ್ಷ್ಯವಸ್ತು, ಆಗುತ್ತದೆ. ಅಂಥ ವಸ್ತುಗಳನ್ನು ಠಾಣೆಯಲ್ಲಿ ಕೊಳೆಯಲು ಬಿಡದೆ, ಪಂಚನಾಮೆ ಮಾಡಿ, ಫೋಟೊ ಇಟ್ಟುಕೊಂಡು ಬೇಗ ಒಡೆಯರಿಗೆ ಮರಳಿಸಬೇಕೆಂದು ಸುಪ್ರೀಂ ಕೋರ್ಟ್ 2002ರ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಯಂತ್ರ ತನ್ನದೆಂದು ನ್ಯಾಯಾಲಯಕ್ಕೆ ತೋರಿಸಲು ಪಾಸ್‌ವರ್ಡಿಗಿಂತ ಮೊದಲು ಬೇಕಾಗುವುದು ಕೊಂಡ ದಿನದ ಬಿಲ್ಲು ಮತ್ತು ಅದರ ಮೇಲಿನ ಕ್ರಮಸಂಖ್ಯೆ. ಅದನ್ನು ಲ್ಯಾಪ್‌ಟಾಪಿನ ಚೀಲದಲ್ಲೇ ಇಟ್ಟುಕೊಂಡವರ ಬಿಲ್ಲು ಯಂತ್ರದ ಜೊತೆಗೇ ಹೋಗಿರುತ್ತದೆ.