ಮದ್ದು ಮರದ್ದೋ ಬೂಷ್ಟಿನದ್ದೋ: ಔಷಧೀಯ ಸಸ್ಯಗಳ ಎಂಡೋಫೈಟ್ ಸಂಶೋಧನೆಯ ಹಿನ್ನೋಟ

ಸಸ್ಯದ ಅಂಗಾಂಶದೊಳಗೆ ಬದುಕುವ ಜೀವಿಗಳನ್ನು ಜರ್ಮನಿಯ ಆಂಟನ್ ಡಿ ಬಾರಿ 1866ರಲ್ಲೇ ‘ಎಂಡೋಫೈಟ್’ ಎಂದು ಕರೆದಿದ್ದರು. ಔಷಧ ಸಂಶೋಧಕರು ಅತ್ತ ತಿರುಗಿ ನೋಡಲು ಮತ್ತೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ರೋಗ ತರದ ಬೂಷ್ಟು ಯಾರಿಗೆ ಬೇಕಿತ್ತು?

ಬೇಡಿಕೆ ಹುಟ್ಟಿಸಿದ್ದು ಟ್ಯಾಕ್ಸಾಲ್. ಅಮೆರಿಕದ ಪೆಸಿಫಿಕ್ ಯೂ ಮರದ ತೊಗಟೆಯಲ್ಲಿದ್ದ ಈ ಕ್ಯಾನ್ಸರ್ ಮದ್ದಿನ ರಚನೆಯನ್ನು ಮನ್ರೋ ವಾಲ್, ಮನ್ಸುಖ್ ವಾನಿ ಮತ್ತು ಸಂಗಡಿಗರು 1971ರಲ್ಲಿ ಪ್ರಕಟಿಸಿದರು. ಮರ ಬೆಳೆಯುವುದು ನಿಧಾನ; ತೊಗಟೆ ಸುಲಿದರೆ ಸಾಯುತ್ತದೆ. ಹೀಗಿರುವಾಗ 1993ರಲ್ಲಿ ಆಂಡ್ರಿಯಾ ಸ್ಟಿಯರ್ಲ್, ಗ್ಯಾರಿ ಸ್ಟ್ರೋಬೆಲ್ ಮತ್ತು ಡೊನಾಲ್ಡ್ ಸ್ಟಿಯರ್ಲ್, ಅದೇ ಮರದೊಳಗಿನ ‘ಟ್ಯಾಕ್ಸೊಮೈಸಿಸ್ ಆಂಡ್ರಿಯಾನೆ’ ಶಿಲೀಂಧ್ರವೂ ಟ್ಯಾಕ್ಸಾಲ್ ತಯಾರಿಸುತ್ತದೆ ಎಂದರು. ಸಿಕ್ಕಿದ್ದು ಲೀಟರಿಗೆ ಕೆಲವೇ ಹತ್ತು ನ್ಯಾನೊಗ್ರಾಂ. ಆದರೂ ಆಸೆ ಚಿಗುರಿತು.

ನಮ್ಮ ಪಶ್ಚಿಮಘಟ್ಟದ ದುರ್ವಾಸನೆ ಮರ (ನೋಥಪೊಡೈಟಿಸ್ ನಿಮ್ಮೋನಿಯಾನ) ಈ ಕಥೆಯೊಳಗೆ ಬಂದದ್ದು ಕ್ಯಾಂಪ್ಟೊಥೆಸಿನ್ ಮೂಲಕ. 1966ರಲ್ಲಿ ವಾಲ್ ತಂಡ ಚೀನಾ ಮೂಲದ ಮರವೊಂದರಲ್ಲಿ ಗುರುತಿಸಿದ್ದ ಈ ಕ್ಯಾನ್ಸರ್ ನಿರೋಧಕವು ಇದರಲ್ಲೂ ಇದೆಯೆಂದು ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ತೋರಿಸಿದರು. 2005ರಲ್ಲಿ ಜಮ್ಮುವಿನ ಸಂಶೋಧಕರು ಇದೇ ಮರದೊಳಗಿನ ಶಿಲೀಂಧ್ರದಿಂದ ಕ್ಯಾಂಪ್ಟೊಥೆಸಿನ್ ಪಡೆದ ವರದಿ ಬಂತು. ಅದೇ ವರ್ಷ ಕುದುರೆಮುಖದ ಐದು ಔಷಧೀಯ ಸಸ್ಯಗಳಿಂದ 18 ಶಿಲೀಂಧ್ರ ಪ್ರಭೇದಗಳು ದಾಖಲಾದವು. ಕಾಂಡ, ತೊಗಟೆಗಿಂತ ಎಲೆಯಲ್ಲೇ ವೈವಿಧ್ಯ ಹೆಚ್ಚಿತ್ತು.

ಪ್ರಯೋಗಾಲಯದ ಕ್ರಮ ನೋಡಲು ಸರಳ. ಎಲೆಯನ್ನು ತೊಳೆದು, ಆಲ್ಕೊಹಾಲ್ ಮತ್ತು ಸೋಡಿಯಂ ಹೈಪೊಕ್ಲೋರೈಟಿನಲ್ಲಿ ಅದ್ದಿ, ಚೂರು ಮಾಡಿ ಅಗಾರ್ ತಟ್ಟೆಯ ಮೇಲಿಡುತ್ತಾರೆ. ಕೆಲವು ದಿನಗಳಲ್ಲಿ ಕತ್ತರಿಸಿದ ಅಂಚಿನಿಂದ ಬಿಳಿ ಎಳೆಗಳು ಹೊರಬರುತ್ತವೆ. ಅವು ಮೇಲ್ಮೈಯ ಧೂಳಿನಿಂದ ಬಂದವಲ್ಲ ಎಂದು ಖಚಿತವಾಗಬೇಕಾದರೆ, ತೊಳೆದ ಎಲೆಯನ್ನು ಇನ್ನೊಂದು ತಟ್ಟೆಗೆ ಒತ್ತಿ ಅಲ್ಲಿ ಏನೂ ಬೆಳೆಯುವುದಿಲ್ಲವೆಂದು ತೋರಿಸಬೇಕು. ಈ ಸಣ್ಣ ಪರೀಕ್ಷೆಯನ್ನು ಬಿಟ್ಟ ಪ್ರಬಂಧವನ್ನು ಅನುಮಾನದಿಂದಲೇ ಓದಬೇಕು.

ಬೂಷ್ಟು ಬೆಳೆಸುವುದಕ್ಕಿಂತ ಅದು ಮದ್ದು ಮಾಡುತ್ತದೆಂದು ಸಾಬೀತುಪಡಿಸುವುದು ಕಷ್ಟ. ದುರ್ವಾಸನೆ ಮರದಿಂದ ಬೇರ್ಪಡಿಸಿದ ಶಿಲೀಂಧ್ರಗಳಲ್ಲಿ ಕ್ಯಾಂಪ್ಟೊಥೆಸಿನ್ ಉತ್ಪಾದನೆ ಮರುಬೆಳೆಸಿದಂತೆಲ್ಲ ಕುಗ್ಗುತ್ತದೆ ಎಂಬ ಅಧ್ಯಯನ 2010ರ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟವಾಯಿತು. ಮರುವರ್ಷ, ಚೀನಾ ಮೂಲದ ಮರದ ಫ್ಯುಸೇರಿಯಂ ಶಿಲೀಂಧ್ರದ ಮೇಲಿನ ಕೆಲಸ ಕಾರಣವನ್ನು ಸೂಚಿಸಿತು: ತಯಾರಿಕೆಯ ಸರಣಿಯಲ್ಲಿ ಅಗತ್ಯವಾದ ಸ್ಟ್ರಿಕ್ಟೊಸಿಡಿನ್ ಸಿಂಥೇಸ್ ಕಿಣ್ವದ ಜೀನ್ ಅದರಲ್ಲಿಲ್ಲ, ಮರದ ಕಿಣ್ವವನ್ನೇ ಅದು ನಂಬಿರಬೇಕು. 2013ರಲ್ಲಿ ಒಂದು ಜರ್ಮನ್ ತಂಡ ಟ್ಯಾಕ್ಸೊಮೈಸಿಸ್ ಸೇರಿದಂತೆ ಹಲವು ಶಿಲೀಂಧ್ರಗಳನ್ನು ಮರುಪರೀಕ್ಷಿಸಿತು. ಅವು ಸ್ವತಂತ್ರವಾಗಿ ಟ್ಯಾಕ್ಸಾಲ್ ತಯಾರಿಸುವ ಯಾವ ಪುರಾವೆಯೂ ಸಿಗಲಿಲ್ಲ.

ಇಷ್ಟಾದ ಮೇಲೂ, ಮೊದಲ ಬೆಳೆಯಲ್ಲಿ ಕಂಡ ಅತ್ಯಲ್ಪ ಪ್ರಮಾಣವನ್ನೇ ಆಧರಿಸಿ ‘ಮದ್ದು ತಯಾರಿಸುವ ಶಿಲೀಂಧ್ರ’ ಎಂದು ಘೋಷಿಸುವ ಪ್ರಬಂಧಗಳು ಬರುತ್ತಲೇ ಇವೆ. ಆ ಕುರುಹು ಎಲೆಯಿಂದಲೇ ಬಂದಿರಬಹುದು. ಹಲವು ಮರುಬೆಳೆಗಳ ನಂತರದ ಅಳತೆಯೂ ಜೀನುಗಳ ಸಾಕ್ಷ್ಯವೂ ಜೊತೆಗಿಲ್ಲದ ಹೊರತು ಅಂಥ ಶೀರ್ಷಿಕೆಗೆ ಸಂಪಾದಕರು ಒಪ್ಪಬಾರದು.