ಗರುಡಕಂಬ ಮತ್ತು ಸುವರ್ಣಮುದ್ರೆ

ಇಮ್ಮಡಿ ವೀರಬಲ್ಲಾಳನು 1173ರಲ್ಲಿ ದೋರಸಮುದ್ರದ ಸಿಂಹಾಸನವನ್ನೇರಿದಾಗ ಹೊಯ್ಸಳರ ಹೆಗಲಿನಿಂದ ಚಾಲುಕ್ಯರ ಸಾಮಂತರೆಂಬ ಹಳೆಯ ಭಾರ ಇನ್ನೂ ಇಳಿದಿರಲಿಲ್ಲ. ಸೊರಟೂರಿನ ರಣಾಂಗಣದಲ್ಲಿ ದೇವಗಿರಿಯ ಸೇವುಣರ ಭಿಲ್ಲಮನನ್ನು ಮುರಿದು, ಲಕ್ಕುಂಡಿಯಲ್ಲಿ ಬೀಡುಬಿಟ್ಟು, ತುಂಗಭದ್ರೆಯಾಚೆಯ ಕನ್ನಡ ನಾಡನ್ನೂ ಆತ ಒಂದೇ ಶ್ವೇತಚ್ಛತ್ರದಡಿ ತಂದನು. ಇಂಥ ದಿಗ್ವಿಜಯ ಒಬ್ಬನ ತೋಳ್ಬಲದಿಂದ ಆಗುವಂಥದಲ್ಲ. ಅರಸನು ಮಗನಂತೆ ಸಾಕಿ ಬೆಳೆಸಿದ ದಂಡನಾಯಕ ಕುವರ ಲಕ್ಷ್ಮನೂ, ಉಂಡ ಅನ್ನದ ಋಣವಾದ ಜೋಳವಾಳಿಗೆ ಪ್ರಾಣವನ್ನೇ ಒತ್ತೆಯಿಟ್ಟ ಅವನ ಸಹಸ್ರ ಭಟರೂ ಬೆನ್ನಿಗಿದ್ದರು. ಅವರು ಗರುಡರು, ಒಡೆಯನಳಿದ ಮೇಲೆ ತಾವು ಉಳಿಯೆವೆಂದು ಎಡಗಾಲಿಗೆ ಹೊನ್ನ ತೊಡರು ತೊಟ್ಟವರು. 1220ರಲ್ಲಿ ಬಲ್ಲಾಳನು ಕಣ್ಮುಚ್ಚಿದಾಗ ಲಕ್ಷ್ಮನೂ, ಮಡದಿ ಸುಗ್ಗಲದೇವಿಯೂ, ಆ ಸಾವಿರ ವೀರರೂ ಮಾತು ನಡೆಸಿದರು. ಹಳೇಬೀಡಿನ ಹೊಯ್ಸಳೇಶ್ವರನ ಸನ್ನಿಧಿಯಲ್ಲಿ ಅವರ ಕಂಬವಿದೆ. ಶಿಲ್ಪಗಳನ್ನು ನೋಡಿ ದಣಿದ ಪ್ರವಾಸಿಗರು ಅದನ್ನು ಬಳಸಿಕೊಂಡು ಹೋಗಿಬಿಡುತ್ತಾರೆ. ಹತ್ತಿರ ನಿಂತವರಿಗೆ ಕತ್ತಿ ಹಿರಿದು ತಮ್ಮ ಶಿರವನ್ನೇ ಅರಿದುಕೊಳ್ಳುವ ಪುಟ್ಟ ಪುಟ್ಟ ಪುರುಷಾಕೃತಿಗಳು ಕಾಣುತ್ತವೆ.

ಪ್ರಭುವು ನೆಲವಿತ್ತರೆ ಪಡೆದವನು ಏನನ್ನು ಮರಳಿಸಬೇಕು? ಬಲ್ಲಾಳನ ಸಮಕಾಲೀನನಾದ ಹಂಗೇರಿಯ ಇಮ್ಮಡಿ ಆಂಡ್ರೂ ರಾಜಭೂಮಿಯನ್ನು ಆಪ್ತರಿಗೆ ಧಾರಾಳವಾಗಿ ಹಂಚಿ, ಧರ್ಮಯುದ್ಧದ ಯಾತ್ರೆಯಲ್ಲಿ ಬೊಕ್ಕಸ ಬರಿದು ಮಾಡಿದನು. ಅಲ್ಲಿನ ಕುಲೀನರು ತಲೆಯೊಪ್ಪಿಸಲಿಲ್ಲ, ಪತ್ರ ಬರೆಸಿಕೊಂಡರು. 1222ರ ಆ ಸುವರ್ಣಮುದ್ರೆಯ ಶಾಸನದಂತೆ ಅರಸನು ವಚನಭ್ರಷ್ಟನಾದರೆ ಅವನನ್ನು ಎದುರಿಸುವುದು ರಾಜದ್ರೋಹವಲ್ಲ! ಗರುಡರು ಆತ್ಮಾರ್ಪಣೆ ಮಾಡಿ ಎರಡೇ ವರ್ಷ ಕಳೆದಿತ್ತು.

ಆ ಸ್ವಾತಂತ್ರ್ಯವೂ ಪುಕ್ಕಟೆಯಾಗಿರಲಿಲ್ಲ. ಆಂಡ್ರೂವಿನ ಮಗ ನಾಲ್ವಡಿ ಬೇಲಾ, ತಂದೆ ಕೊಟ್ಟ ಭೂಮಿಯನ್ನು ಹಿಂಪಡೆಯಹೊರಟನು. ತನ್ನೆದುರು ಪ್ರಭುಗಳು ಕೂರಕೂಡದೆಂದು ಅವರ ಆಸನಗಳನ್ನೇ ಸುಡಿಸಿದನು. 1241ರಲ್ಲಿ ಬಾಟುಖಾನನ ಮಂಗೋಲ ಪಡೆ ಬಂದೆರಗಿದಾಗ ಮುನಿದ ಕುಲೀನರು ಮನಸಾರೆ ಕೈಜೋಡಿಸಲಿಲ್ಲ. ಮೋಹಿಯ ಬಯಲಿನಲ್ಲಿ ಸೈನ್ಯ ನುಚ್ಚುನೂರಾಯಿತು. ಅರಸನು ಡಾಲ್ಮೇಷಿಯಾದ ಕಡಲತಡಿಗೆ ಓಡಿದನು. ಹಿಂದಿರುಗಿದ ಮೇಲೆ ಅದೇ ಪ್ರಭುಗಳಿಗೆ ಕಲ್ಲುಕೋಟೆ ಕಟ್ಟಲು ಕೈತುಂಬ ಕೊಡಬೇಕಾಯಿತು.

ನಮ್ಮ ಹಿರಿಯರ ನಿಷ್ಠೆಗೆ ತಲೆಬಾಗುತ್ತಲೇ ಒಂದು ಮಾತು ಹೇಳಬೇಕು. ಲಕ್ಷ್ಮನಂಥ ಅನುಭವಿ ದಂಡನಾಯಕನು ತನ್ನ ಪಡೆಯೊಡನೆ ಒಂದೇ ಬಾರಿಗೆ ಇಲ್ಲವಾದುದು ರಾಜ್ಯಕ್ಕೆ ಸಣ್ಣ ನಷ್ಟವಲ್ಲ. ಬಲ್ಲಾಳನ ಮಗ ಇಮ್ಮಡಿ ನರಸಿಂಹನು ಕಾವೇರಿಯ ಕೆಳಗೆ ಚೋಳರನ್ನು ಎತ್ತಿ ನಿಲ್ಲಿಸಿದ, ನಿಜ. ತಂದೆ ಗೆದ್ದ ಉತ್ತರದ ನಾಡು ಮಾತ್ರ ಸೇವುಣರ ಸಿಂಘಣನ ಪಾಲಾಯಿತು. 1311ರಲ್ಲಿ ಮಲಿಕ್ ಕಾಫೂರನು ದೋರಸಮುದ್ರವನ್ನು ಮುತ್ತಿದನು. ಪಾಂಡ್ಯರ ದಾಯಾದಿ ಕಲಹದಲ್ಲಿ ಲಾಭ ಹುಡುಕುತ್ತ ದಕ್ಷಿಣಕ್ಕೆ ಹೋಗಿದ್ದ ಮುಮ್ಮಡಿ ಬಲ್ಲಾಳನು ಧಾವಿಸಿ ಬಂದರೂ ಶರಣಾಗದೆ ಗತ್ಯಂತರವಿರಲಿಲ್ಲ. ಮುಂದೆ ಮಧುರೆಯ ಸುಲ್ತಾನನಿಂದ ಅವನು ಹತನಾಗಿ, 1346ರ ಹೊತ್ತಿಗೆ ವಂಶವೇ ಕೊನೆಗೊಂಡಿತು. ವ್ಯಕ್ತಿಗೆ ಕಟ್ಟಿದ ವ್ರತಕ್ಕೆ ವ್ಯಕ್ತಿಯೇ ಇಲ್ಲವಾದ ಮೇಲೆ ಆಶ್ರಯವೆಲ್ಲಿ? ಹಂಗೇರಿಯ ಆರ್ಪಾದ್ ಕುಲವೂ 1301ಕ್ಕೇ ಅಳಿದಿತ್ತು. ಆದರೆ ಎದುರಿಸುವ ಆ ಹಕ್ಕನ್ನು ಪರವಂಶದ ಅರಸರೂ ಹೊತ್ತು ನಡೆದರು. ಅದನ್ನು ಕಿತ್ತುಕೊಳ್ಳಲು ಹಾಪ್ಸ್‌ಬರ್ಗ್ ದೊರೆಗಳು 1687ರವರೆಗೆ ಕಾಯಬೇಕಾಯಿತು.